ಸೇಠ್‌ಗೆ ಉಸಿರು ಕಟ್ಟಿದ ದಿನ

ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ಒಂದು ನೆಬುಲೈಸರ್ ಇದೆ. ದಮ್ಮು ಇದ್ದವರಿಗೆ ಮದ್ದನ್ನು ಮಂಜು ಮಾಡಿ ಮೂಗಿಗೆ ಊದುತ್ತದಲ್ಲ, ಆ ಯಂತ್ರ. ಮನೆಗೆ ಬಂದವರು ಚಾ ಕುಡಿಯುತ್ತ ಅದರ ಮೇಲೆ ಕಣ್ಣು ಹಾಯಿಸುತ್ತಾರೆ. ಆಮೇಲೆ ದನಿ ತಗ್ಗಿಸಿ, "ದಮ್ ಯಾರಿಗೆ? ನಿಮ್ಗಾ, ಸುಜಾತಂಗಾ?" ಎಂದು ಕೇಳುತ್ತಾರೆ. ಸುಜಾತ ನನ್ನ ಹೆಂಡತಿ. ನಾನು "ಸೇಠ್‌ಗೆ" ಎನ್ನುತ್ತೇನೆ. ಸೇಠ್ ಯಾರು ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ "ಅಂದರ್ ಬೈಠೋ, ಅಂದರ್ ಬೈಠೋ!" ಎಂದು ಯಾರೋ ಗದರಿದ್ದು ಕೇಳಿ ಅವರ ಕೈಯ ಚಾ ಸೀರೆಗೋ ಪಂಚೆಗೋ ತುಳುಕುತ್ತದೆ.

ಸೇಠ್ ನಮ್ಮ ಗಿಳಿ. ಹಸಿರು ಗಿಳಿಯಲ್ಲ, ಬೂದು ಬಣ್ಣದ ಆಫ್ರಿಕಾದ ಗಿಳಿ. ಬಾಲ ಮಾತ್ರ ಕಡು ಕೆಂಪು. ಇದನ್ನು ಮೊದಲು ಕಂಡ ನಮ್ಮ ಬೀಜಾಡಿಯ ಮೀನಿನ ಹೆಂಗಸು ಬುಟ್ಟಿ ಇಳಿಸುವುದನ್ನೂ ಮರೆತು, "ಇದೆಂತ ಗಿಣಿ ಮಾರಾಯ್ರೆ? ಕಾಕಿ ಬಾಲ್ಕ್ ಕುಂಕುಮ ಹಚ್ಚದಾಂಗ್ ಇತ್ತಲೆ!" ಎಂದಿದ್ದಳು. ಸೇಠ್ ಅವಳನ್ನು ಒಂದು ಕಣ್ಣಿನಿಂದ ಅಳೆದು, "ಟೇಬಲ್ ಸಾಫ್ ಕರ್ ರೇ!" ಎಂದಿತು. ಮೇಜು ಒರೆಸು ಎಂದು ಗದರಿದ್ದು ತಿಳಿಯುವಷ್ಟು ಹಿಂದಿ ಅವಳಿಗೆ ಬಾರದ ಕಾರಣ ಆ ದಿನ ನಮಗೆ ಬಂಗುಡೆ ಸಿಕ್ಕಿತು.

ಇದು ಹಿಂದಿಯ ಗಿಳಿ ಆದದ್ದು ಹೇಗೆಂದರೆ, ಸುಜಾತಳ ಅಣ್ಣ, ನನ್ನ ರಾಜೀವ ಭಾವ, ಮುಂಬಯಿಯಲ್ಲಿ ಹೋಟೆಲಿನವರು. ಅಲ್ಲಿ ಒಂದು ಸ್ಟೇಶನ್ನಿನ ಹೊರಗೆ ಇಡ್ಲಿ-ದೋಸೆಯ ಹೋಟೆಲು. ಮನೆ ಬಾಡಿಗೆ ಕೊಡಲಾಗದೆ ಊರು ಬಿಟ್ಟ ಯಾವುದೋ ಗಿರಾಕಿ ಬಿಟ್ಟುಹೋದ ಗಿಳಿಮರಿಯನ್ನು ಭಾವ ಗಲ್ಲದ ಮೇಲೆ ಕೂರಿಸಿಕೊಂಡರು. ಗಲ್ಲ ಎಂದರೆ ದುಡ್ಡು ತೆಗೆದುಕೊಳ್ಳುವ ಮೇಜು. ಅಲ್ಲಿ ಕೂತದ್ದಕ್ಕೇ ಅದಕ್ಕೆ ಸೇಠ್ ಎಂದು ಹೆಸರಾಯಿತು. ಭಾವನಿಗೆ ಮದುವೆಯಿಲ್ಲ. ಬೆಳಗಿನಿಂದ ರಾತ್ರಿಯ ತನಕ ಗಲ್ಲದಲ್ಲಿ ಇವರಿಬ್ಬರೇ. ಸೇಠ್ ಕೇಳಿ ಕೇಳಿ ಹೋಟೆಲಿನ ಭಾಷೆ ಪೂರ್ತಿ ಕಲಿಯಿತು. ಕಲಿತದ್ದೇ ಕಷ್ಟವಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದು ಭಾವನದೇ ದನಿಯಲ್ಲಿ "ದೋ ಮಸಾಲಾ, ಏಕ್ ಕಟಿಂಗ್!" ಎಂದು ಕೂಗುವುದು, ಒಳಗಿನ ಭಟ್ಟರು ಎರಡು ಮಸಾಲೆ ದೋಸೆ ಹುಯ್ದು ಅರ್ಧ ಲೋಟ ಚಾ ಜೊತೆ ಕಳಿಸುವುದು, ತಿನ್ನಲು ಯಾರೂ ಇಲ್ಲದೆ ಭಾವನೇ ತಿನ್ನುವುದು. ಹೀಗೆ ತಿಂದೂ ತಿಂದೂ ಭಾವನಿಗೆ ಸಕ್ಕರೆ ಕಾಯಿಲೆ ಬಂತು ಎಂದು ಸುಜಾತ ಹೇಳುತ್ತಾಳೆ. ಕೊನೆಗೆ ಹೋಟೆಲು ನೋಡಲು ಬಂದ ಸರಕಾರದವರು ತಿಂಡಿ ಕೊಡುವ ಜಾಗದಲ್ಲಿ ಹಕ್ಕಿ ಇರಬಾರದು ಎಂದರು. ಭಾವ ಅದನ್ನು ರೈಲಿನಲ್ಲಿ ಕುಂದಾಪುರಕ್ಕೆ ತಂದು, ನಮ್ಮ ಜಗಲಿಯಲ್ಲಿ ಗೂಡು ಇಟ್ಟು, "ಕಾಣಿ ಭಾವ, ಇನ್ನ್ ಇದ್ ನಿಮ್ದ್" (ಅವರಿಗೆ ನಾನೂ ಭಾವನೇ) ಎಂದು ಹೇಳಿ ಕಣ್ಣು ತಪ್ಪಿಸಿಕೊಂಡು ಹೋದರು.

ಹೋದರು ಎಂದರೆ ಹೋಗಲಿಲ್ಲ. ದಿನಾ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಫೋನು ಬರುತ್ತದೆ. ತಂಗಿಯ ಕ್ಷೇಮ ಒಂದು ಉಸಿರಿನಲ್ಲಿ, ನನ್ನದು ಅರ್ಧ ಉಸಿರಿನಲ್ಲಿ. ಮತ್ತೆ ಫೋನನ್ನು ಗೂಡಿನ ಎದುರು ಹಿಡಿಯಬೇಕು. "ಸೇಠ್, ಚಾಯ್ ಪಿಯಾ?" ಎಂದು ಭಾವ ಕೇಳುತ್ತಾರೆ. "ಏಕ್ ಕಟಿಂಗ್!" ಎಂದು ಇದು ಕೂಗುತ್ತದೆ. ಅಷ್ಟು ಕೇಳಿದರೆ ಭಾವನಿಗೆ ಉಂಡ ಅನ್ನ ಅರಗುತ್ತದೆ.

ನನಗೂ ಪ್ರಾಣಿಗಳಿಗೂ ಅಷ್ಟಕ್ಕಷ್ಟೆ. ನಾನು ಕೋಟೇಶ್ವರದಲ್ಲಿ ಫ್ಯಾನ್ಸಿ ಅಂಗಡಿ ಇಟ್ಟವನು. ಬಳೆ, ಟಿಕ್ಕಿ, ಕ್ಲಿಪ್ಪು ಇವುಗಳ ನಡುವೆ ಬದುಕಿದವನ ಕೈಯಲ್ಲಿ ಗಿಳಿ ಕೊಟ್ಟರೆ ಅದರ ಕಾಲಿಗೆ ಯಾವ ಸೈಜಿನ ಬಳೆ ಆದೀತು ಎಂದೇ ಮನಸ್ಸು ಓಡುವುದು. ಸಣ್ಣವನಿದ್ದಾಗ ಮನೆಯಲ್ಲಿ ಕೋಳಿ, ದನ, ನಾಯಿ ಎಲ್ಲ ಇದ್ದವು. ಆದರೆ ಅವುಗಳ ವೈದ್ಯಶಾಸ್ತ್ರ ಪೂರ್ತಿ ನನ್ನ ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ಕಾಳುಮೆಣಸು, ಬೆಳ್ಳುಳ್ಳಿ, ಬೆಲ್ಲ ಜಜ್ಜಿದ ಒಂದು ಉಂಡೆ. ಕೋಳಿ ತೂಕಡಿಸಿದರೂ ಅದೇ, ಕರು ಮೇವು ಬಿಟ್ಟರೂ ಅದೇ, ನಾನು ಶಾಲೆಗೆ ಹೋಗುವುದಿಲ್ಲ ಎಂದರೂ ಅದೇ. ಕೋಳಿಗೂ ಕರುವಿಗೂ ಗುಣವಾದದ್ದು ನನಗೆ ನೆನಪಿಲ್ಲ. ನಾನು ಮಾತ್ರ ಉಂಡೆ ಕಂಡ ಕೂಡಲೇ ಗುಣವಾಗಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.

ಆ ದಿನ ಸುಜಾತ ಮಸಾಲೆ ಪುಡಿಗೆ ಮೆಣಸು ಹುರಿಯುತ್ತಿದ್ದಳು. ಕೋಳಿಸಾರಿನ ಮಸಾಲೆಗೆ ಅಂಗಡಿಯ ಪುಡಿ ಹಾಕುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಇಡೀ ವರ್ಷಕ್ಕೆ ಬೇಕಾದಷ್ಟನ್ನು ಒಂದೇ ದಿನ ಹುರಿಯಬೇಕು. ಕಿಟಕಿ ತೆರೆದರೆ ಕಡಲಿನ ಗಾಳಿ ನುಗ್ಗಿ ಗ್ಯಾಸಿನ ಬೆಂಕಿ ಆರುತ್ತದೆ. ಹಾಗಾಗಿ ಎಲ್ಲ ಮುಚ್ಚಿತ್ತು. ಕೊಬ್ಬರಿ ಎಣ್ಣೆಯಲ್ಲಿ ಮೆಣಸು ಬಿದ್ದದ್ದೇ ತಡ, ಸುಜಾತ ಕೆಮ್ಮಿದಳು. ಅಂಗಡಿಗೆ ರಜೆ ಹಾಕಿ ಕೊತ್ತಂಬರಿ ಆರಿಸುತ್ತಿದ್ದ ನಾನು ಸೀನಿದೆ. ಊಟದ ಕೋಣೆಯಲ್ಲಿ ಗೂಡಿನೊಳಗಿದ್ದ ಸೇಠ್ ಕೆಮ್ಮಿತು.

ನಾವಿಬ್ಬರೂ ನಕ್ಕೆವು. ಏಕೆಂದರೆ ಸೇಠ್ ಮಾಡದ ಅನುಕರಣೆ ಇಲ್ಲ. ಕುಕ್ಕರಿನ ವಿಸಿಲು, ನನ್ನ ಆಕಳಿಕೆ, ಪಕ್ಕದ ಮನೆಯ ಸ್ಕೂಟರು ಎಲ್ಲ ಮಾಡುತ್ತದೆ. ಸುಜಾತ ಇನ್ನೊಮ್ಮೆ ಕೆಮ್ಮಿದಳು, ಅದೂ ಕೆಮ್ಮಿತು. "ಕಂಡ್ರ್ಯಾ, ನನ್ನಾಂಗೆ ಮಾಡತ್ತ್!" ಎಂದು ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು ಬೇಕೆಂದೇ ಭಜನೆಯವರ ತಾಳದಲ್ಲಿ ಕೆಮ್ಮಿ ತೋರಿಸಿದೆ. ಈ ಸಲ ಉತ್ತರ ಬರಲಿಲ್ಲ. ಬದಲಿಗೆ ಧಪ್ ಎಂದು ಏನೋ ಬಿದ್ದ ಸದ್ದು.

ಹೋಗಿ ನೋಡಿದರೆ ಸೇಠ್ ಕೋಲಿನಿಂದ ಗೂಡಿನ ತಳಕ್ಕೆ ಬಿದ್ದಿದೆ. ರೆಕ್ಕೆ ಅರ್ಧ ಬಿಚ್ಚಿಕೊಂಡಿದೆ. ಕೊಕ್ಕು ತೆರೆದೇ ಇದೆ. ಒಂದೊಂದು ಉಸಿರಿಗೂ ಬಾಲ ಪಂಪು ಹೊಡೆದ ಹಾಗೆ ಮೇಲೆ ಕೆಳಗೆ ಆಡುತ್ತಿದೆ. ಒಂದು ಮಾತಿಲ್ಲ. ನಮ್ಮ ಮನೆಯಲ್ಲಿ ಸೇಠ್ ಎಚ್ಚರ ಇದ್ದೂ ಮಾತಾಡದ ಹೊತ್ತು ಅದೇ ಮೊದಲು.

ಸುಜಾತ ಗ್ಯಾಸು ಆರಿಸಿ ಗೂಡನ್ನು ಜಗಲಿಗೆ ತಂದಳು. ನಾನು ಮನೆಯೊಳಗೆ ಓಡಿ, ಯಾಕೆ ಓಡಿದೆ ಎಂದು ಮರೆತು, ಮತ್ತೆ ಅಜ್ಜಿ ನೆನಪಾಗಿ ಕಾಳುಮೆಣಸು ಬೆಳ್ಳುಳ್ಳಿ ಜಜ್ಜಿ ನೀರಿನಲ್ಲಿ ಕಲಸಿ ಚಮಚ ಹಿಡಿದು ಬಂದೆ. ಅಷ್ಟರಲ್ಲಿ ಅವಳು ದನ ಸಾಕುವ ಪಕ್ಕದ ಮನೆಯವರಿಂದ ಪಶುವೈದ್ಯರ ನಂಬರು ತಂದಿದ್ದಳು. ಫೋನು ನಾನು ಮಾಡಿದೆ.

"ಡಾಕ್ಟ್ರೆ, ನಮ್ಮ್ ಸೇಠ್‌ಗೆ ಉಸ್ರ್ ತೆಗುಕ್ ಆತಿಲ್ಲೆ!"

ಆ ಕಡೆ ಒಬ್ಬ ಹೆಂಗಸಿನ ದನಿ. "ಪ್ರಾಯ ಎಷ್ಟ್ ಅವ್ರಿಗೆ?"

"ಹದಿನೈದೋ ಹದಿನಾರೋ ಆಯ್ಕ್."

"ಅಯ್ಯೋ ದೇವ್ರೆ, ಸಣ್ಣ ಪ್ರಾಯ! ಮಾರಾಯ್ರೆ, ನಾನ್ ದನಿನ್ ಡಾಕ್ಟ್ರ್. ನೀವ್ ಮೊದ್ಲ್ ಆಂಬುಲೆನ್ಸ್ ಕರಿನಿ!"

"ಅಲ್ಲ, ಸೇಠ್ ಅಂದ್ರೆ... ಹೋಟ್ಲಿನ ಸೇಠ್... ಮುಂಬೈಯಿಂದ ಬಂದದ್ದ್..."

ಸುಜಾತ ಫೋನು ಕಸಿದುಕೊಂಡಳು. "ಗಿಣಿ ಡಾಕ್ಟ್ರೆ! ಗಿಣಿ! ಮೆಣ್ಸ್ ಹುರ್ದ ಹೊಗಿ ಕುಡ್ದಿತ್!"

ವೈದ್ಯರ ದನಿ ಕೂಡಲೇ ಬದಲಾಯಿತು. "ಕೇಣಿ. ಕೈಯಗ್ ಅಮುಕ್ಬೇಡಿ. ಬಾಯಿಗ್ ಎಂತದೂ ಹಾಕ್ಬೇಡಿ, ನೀರ್ ಸೈತ ಬೇಡ. ಒಂದ್ ರಟ್ಟಿನ ಪೆಟ್ಟಿಗಿಗೆ ತೂತ್ ಮಾಡಿ ಅದ್ರಗ್ ಇಟ್ಕಣಿ. ಕತ್ಲಿ ಇದ್ರೆ ಹೆದ್ರಿಕಿ ಕಮ್ಮಿ. ನಾನ್ ಬಸ್ರೂರಗೆ ಇದ್ದೆ. ಇಲ್ಲೊಂದ್ ಗಂಟಿಗೆ ಕರ ಹಾಕುಕ್ ಆತಿಲ್ಲೆ, ಬಿಟ್ಟಿಕ್ ಬಪ್ಪುಕಾತಿಲ್ಲೆ. ನೀವೇ ಇಲ್ಲಿಗ್ ಬನಿ." ಹಿಂದಿನಿಂದ ಗಂಟಿ, ಎಂದರೆ ಕರು ಹಾಕಲಾಗದೆ ಒದ್ದಾಡುತ್ತಿದ್ದ ದನ, "ಅಂಬಾ" ಎಂದು ಅದನ್ನು ಅನುಮೋದಿಸಿತು.

ಬಾಯಿಗೆ ಏನೂ ಹಾಕಬೇಡಿ ಎಂದದ್ದು ಕೇಳಿ ಸುಜಾತ ನನ್ನ ಕೈಯ ಚಮಚವನ್ನು ನೋಡಿದಳು. ಅದನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ನಾನೇ ಕುಡಿದುಬಿಟ್ಟೆ.

ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದೆವು. ಒಳಗೆ ನಾನು ಮೈ ಒರೆಸುವ ಬೈರಾಸು ಹಾಸಿ ಸೇಠ್‌ನನ್ನು ಮಲಗಿಸಿದೆವು. ಬೇರೆ ದಿನವಾದರೆ ನನ್ನ ಬೆರಳಿಗೆ ಕೊಕ್ಕಿನ ಗುರುತು ಬೀಳದೆ ಅದನ್ನು ಮುಟ್ಟುವ ಹಾಗಿಲ್ಲ. ಆ ದಿನ ಬಟ್ಟೆಯ ಗೊಂಬೆಯ ಹಾಗೆ ಬಂತು. ಕಚ್ಚಲಿಲ್ಲವಲ್ಲ ಎಂದು ನಾನೇ ಬೆರಳನ್ನು ಕೊಕ್ಕಿನ ಹತ್ತಿರ ಹಿಡಿದು ನೋಡಿದೆ, ಆಗಲೂ ಕಚ್ಚಲಿಲ್ಲ.

ಸ್ಕೂಟರಿನಲ್ಲಿ ಹೊರಟೆವು. ನಾನು ಮುಂದೆ, ಸುಜಾತ ಹಿಂದೆ, ಮಡಿಲಲ್ಲಿ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ "ಎರಡು ವರ್ಷ ಗ್ಯಾರಂಟಿ" ಎಂದು ಬರೆದಿತ್ತು. ಕೋಟೇಶ್ವರದಲ್ಲಿ ಹೆದ್ದಾರಿಗೆ ಹತ್ತುವ ಕಡೆ ಲಾರಿಗಳ ಸಾಲು. ನಿಂತದ್ದೇ ತಡ, ನನ್ನ ಅಂಗಡಿಯ ಪಕ್ಕದ ಚಪ್ಪಲಿ ಅಂಗಡಿಯವರು ಬೈಕು ತಂದು ಒತ್ತಿಗೆ ನಿಲ್ಲಿಸಿದರು.

"ಹ್ವಾಯ್, ಇವತ್ತ್ ಅಂಗ್ಡಿ ತೆಗಿಲಿಲ್ಯಾ? ಎಂತ, ಮಿಕ್ಸಿ ರಿಪೇರಿಗಾ?"

"ಹೂಂ" ಎಂದೆ, ವಿವರಿಸುವ ಶಕ್ತಿ ಇರಲಿಲ್ಲ.

"ಎಂತ ಆಯ್ತ್ ಅದ್ಕೆ?"

ಹಿಂದಿನಿಂದ ಸುಜಾತ ಬಿಕ್ಕಿದಳು. "ಉಸ್ರೇ ಸಮ ಆಡ್ತಿಲ್ಲೆ! ಬದ್ಕತ್ತೋ ಇಲ್ಯೋ ಗೊತ್ತಿಲ್ಲೆ!"

ಅವರು ಅವಳನ್ನೂ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ನನ್ನ ಹೆಗಲು ತಟ್ಟಿ, "ಹೊಸ್ತ್ ತಕಂಡ್ರ್ ಆಯ್ತ್ ಮಾರಾಯ್ರೆ, ಧೈರ್ಯ ತಕಣಿ" ಎಂದು ಬಹಳ ಮೆಲ್ಲಗೆ ಹೇಳಿದರು. ಮರುದಿನದಿಂದ ಅವರು ನನ್ನ ಹೆಂಡತಿಯ ತಲೆ ಸರಿ ಇದೆಯೇ ಎಂದು ಸೂಚ್ಯವಾಗಿ ವಿಚಾರಿಸತೊಡಗಿದ್ದು ಬೇರೆ ಕಥೆ.

ಮೂರು ರಸ್ತೆ ಸೇರುವ ಮೂರ್ಕೈಯಲ್ಲಿ ತಿರುಗಿ ಬಸ್ರೂರು ಮುಟ್ಟುವವರೆಗೆ ಸುಜಾತ ಪೆಟ್ಟಿಗೆಗೆ ಕಿವಿ ಕೊಟ್ಟೇ ಇದ್ದಳು. "ಇತ್ತಾ?" ಎಂದು ನಾನು ಕೇಳುವುದು, "ಇತ್ತ್, ಮೆಲ್ಲ ಹೋಯ್ನಿ" ಎಂದು ಅವಳು ಹೇಳುವುದು. ಮೆಲ್ಲ ಹೋದರೆ "ಬೇಗ ಹೋಯ್ನಿ" ಎನ್ನುವುದು.

ಡಾಕ್ಟ್ರು ಇದ್ದ ಆ ಮನೆ ಗಿರಿಜಕ್ಕ ಎನ್ನುವವರದು. ಗಂಡಸರು ಯಾರೂ ಇರಲಿಲ್ಲ. ಹಟ್ಟಿಯಲ್ಲಿ ಕಪ್ಪು ದನವೊಂದು ಮಲಗಿ ನರಳುತ್ತಿತ್ತು. ಅದರ ಹಿಂದೆ ಹೆಗಲ ತನಕ ಕೈಗವಸು ಹಾಕಿದ ಯುವತಿ ಮೊಣಕಾಲೂರಿ ಕೂತಿದ್ದರು. ಬೈಂದೂರಿನ ಕಡೆಯವರಂತೆ, ಅವರೇ ಡಾಕ್ಟ್ರು. ಕೈಗವಸು ಕಳಚಿ, ಕೈ ತೊಳೆದು, ಪೆಟ್ಟಿಗೆಯ ಮುಚ್ಚಳವನ್ನು ಸ್ವಲ್ಪವೇ ಎತ್ತಿ ಬಗ್ಗಿ ನೋಡಿದರು.

"ಸತ್ಯ ಹೇಳ್ತೆ, ಇಂಥ ಗಿಣಿ ಕಾಂಬುದ್ ನಂಗೂ ಇದೇ ಸುರು" ಎಂದರು. ನಮ್ಮ ಮುಖ ಕಂಡು, "ಹೆದ್ರುಕಾಗ. ಬ್ರಹ್ಮಾವರದಗ್ ನನ್ನ್ ಫ್ರೆಂಡ್ ಇದ್ದ, ಹಕ್ಕಿ ಕೇಸೇ ಕಾಂಬುದ್ ಅವ" ಎಂದು ಫೋನು ಹಚ್ಚಿದರು. ಅವರಿಬ್ಬರೂ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿದರು. ನನಗೆ ಅರ್ಥವಾದದ್ದು "ಸ್ಮೋಕ್" ಮತ್ತು "ವೆರಿ ಬ್ಯಾಡ್" ಎರಡೇ. ಅವೆರಡೂ ಅರ್ಥವಾಗದಿದ್ದರೆ ಒಳ್ಳೆಯದಿತ್ತು.

"ಗಿರಿಜಕ್ಕ, ನಿಮ್ಮ್ ಮೊಮ್ಮಗ್ಳಿಗೆ ಆವಿ ಕೊಡು ಮಷೀನ್ ಇತ್ತಲೆ? ಸ್ವಲ್ಪ ತಕಂಡ್ ಬನಿ."

ಗಿರಿಜಕ್ಕ ನೆಬುಲೈಸರ್ ತಂದರು. ಮಗಳ ಮಗಳದಂತೆ. ಬಾಯಿಗೆ ಹಿಡಿಯುವ ಮುಸುಕು ಕಿತ್ತಳೆ ಬಣ್ಣದ ಮೀನಿನ ಆಕಾರದಲ್ಲಿತ್ತು. ಫೋನಿನಲ್ಲಿ ಗೆಳೆಯ ಹೇಳಿದ ಅಳತೆಯಲ್ಲಿ ಡಾಕ್ಟ್ರು ಮದ್ದು ಹಾಕಿ, ಮೀನಿನ ಬಾಯಿಯನ್ನು ಪೆಟ್ಟಿಗೆಯ ದೊಡ್ಡ ತೂತಿಗೆ ಹೊಂದಿಸಿ, "ಹೀಂಗೇ ಹಿಡ್ಕಣಿ" ಎಂದು ಸುಜಾತಳ ಕೈಗೆ ಕೊಟ್ಟರು.

"ಬದ್ಕತ್ತಾ ಡಾಕ್ಟ್ರೆ?"

"ಈಗ ಹೇಳುಕಾತಿಲ್ಲೆ. ಹಕ್ಕಿ ಉಸ್ರ್ ಭಾರೀ ಸೂಕ್ಷ್ಮ. ಕಾಂಬ" ಎಂದು ಅವರು ದನದ ಹತ್ತಿರ ಹೋದರು.

ಯಂತ್ರ ಗುರ್ ಎನ್ನುತ್ತಿತ್ತು. ಪೆಟ್ಟಿಗೆಯ ತೂತುಗಳಿಂದ ಬೆಳ್ಳಗೆ ಮಂಜು ಹೊರಬರುತ್ತಿತ್ತು. ಅಷ್ಟರಲ್ಲಿ ನನ್ನ ಕಿಸೆಯಲ್ಲಿ ಫೋನು ಅಲುಗಿತು. ತೆಗೆದು ನೋಡಿದರೆ ರಾಜೀವ ಭಾವ. ಊಟದ ಗದ್ದಲ ಮುಗಿದಿರಬೇಕು.

"ತೆಗಿಬೇಡಿ" ಎಂದಳು ಸುಜಾತ.

"ತೆಗ್ಯದಿದ್ರೆ ಹತ್ತ್ ಸಲ ಮಾಡ್ತ್ರ್."

"ಹಂಗಾರೆ ತೆಗಿನಿ. ಮಲ್ಗಿತ್ ಅಂತ ಹೇಳಿ."

ತೆಗೆದೆ. ಭಾವ ನನ್ನ ಅರ್ಧ ಉಸಿರಿನ ಕ್ಷೇಮವನ್ನೂ ಕೇಳದೆ ನೇರ, "ಸೇಠ್, ಚಾಯ್ ಪಿಯಾ?" ಎಂದರು. ಗಿಳಿ ಮಲಗಿದೆ ಎನ್ನುವ ಎರಡು ಶಬ್ದ ನನ್ನ ನಾಲಗೆಯ ಮೇಲೆ ತಯಾರಿತ್ತು. ಆದರೆ ಭಾವನ ಆ ದನಿಯ ಸಕ್ಕರೆ ಕೇಳಿ ನನಗೆ ಏನಾಯಿತೋ, ಮೂಗು ಹಿಡಿದುಕೊಂಡು, ಕುತ್ತಿಗೆ ಒಂದು ಕಡೆ ವಾಲಿಸಿ, "ಏಕ್ ಕಟಿಂಗ್!" ಎಂದು ಕೂಗಿಬಿಟ್ಟೆ.

ಬಿಸಿನೀರು ತರುತ್ತಿದ್ದ ಗಿರಿಜಕ್ಕ ನಿಂತಲ್ಲೇ ನಿಂತರು. ಆ ಕಡೆ ಭಾವ ಚಿಲ್ಲರೆ ಎಣಿಸುತ್ತಿದ್ದ ಸದ್ದು ನಿಂತಿತು.

"ಸೇಠ್‌ಗೆ ಥಂಡಿ ಆಯ್ತಾ?"

"ಸ್ವಲ್ಪ ಆಯ್ತ್" ಎಂದೆ. ಹೇಳಿದ ಮೇಲೆ ಹೊಳೆಯಿತು, ಅದನ್ನೂ ಮೂಗು ಹಿಡಿದುಕೊಂಡೇ ಹೇಳಿದ್ದೆ ಎಂದು.

"ಹ್ವಾ. ಜಾಗ್ರತೆ ಕಾಣಿ" ಎಂದು ಭಾವ ಫೋನು ಇಟ್ಟರು.

ಸುಜಾತ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಹೊತ್ತೂ ಇರಲಿಲ್ಲ. "ಹ್ವಾಯ್, ಕಟಿಂಗ್‌ನವ್ರೆ, ಇಲ್ಲಿ ಬನಿ!" ಎಂದು ಡಾಕ್ಟ್ರು ಕರೆದರು. ಕರುವಿನ ಮುಂಗಾಲುಗಳು ಕಾಣುತ್ತಿದ್ದವು. ಅದಕ್ಕೆ ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗೆ ಕೊಟ್ಟರು. "ದನ ತಿಣ್ಕಿ ಮುಕ್ಕದಾಗ ಮಾತ್ರ ಎಳಿನಿ. ನಾನ್ ಹೇಳ್ತೆ."

ಬಳೆ ಅಂಗಡಿಯವನ ಕೈಯಲ್ಲಿ ಹಗ್ಗ. ಆ ತುದಿಯಲ್ಲಿ ಒಂದು ಜೀವ. "ಎಳಿನಿ! ಇನ್ನೊಂಚೂರ್! ನಿಲ್ಸಿ! ಎಳಿನಿ!" ಕಣ್ಣು ಮುಚ್ಚಿ ಎಳೆದೆ. ದನಕ್ಕಿಂತ ಹೆಚ್ಚು ನಾನೇ ತಿಣುಕಿದೆ ಎಂದು ಗಿರಿಜಕ್ಕ ಆಮೇಲೆ ಊರಿಡೀ ಹೇಳಿದರಂತೆ. ಒಮ್ಮೆಲೇ ಹಗ್ಗ ಸಡಿಲವಾಯಿತು. ನಾನು ಸಗಣಿಯಲ್ಲಿ ಅಂಗಾತ ಬಿದ್ದೆ. ನನ್ನ ಕಾಲ ಬುಡದಲ್ಲಿ ಒದ್ದೆ ಕರು ಬಿದ್ದಿತು.

ಕರು ಅಲುಗಲಿಲ್ಲ. ಡಾಕ್ಟ್ರು ಅದರ ಮೂಗಿನ ಲೋಳೆ ಬಳಿದು ತೆಗೆದರು. ಹುಲ್ಲಿನ ಕಡ್ಡಿ ಮೂಗಿಗೆ ಹಾಕಿ ಕೆಣಕಿದರು. ಎದೆ ತಿಕ್ಕಿದರು. ನೆಬುಲೈಸರಿನ ಮದ್ದು ಮುಗಿದು ಸುಜಾತ ಅದನ್ನೂ ಆರಿಸಿದ್ದಳು. ಹಟ್ಟಿ ಪೂರ್ತಿ ನಿಶ್ಶಬ್ದ. ಒಂದು ಕಡೆ ಪೆಟ್ಟಿಗೆ, ಒಂದು ಕಡೆ ಕರು. ಎರಡರ ಉಸಿರಿಗೂ ಕಿವಿಗೊಟ್ಟು ನಮ್ಮ ಉಸಿರು ನಿಂತಿತ್ತು.

ಕರು ಸೀನಿತು. ತಲೆ ಕೊಡವಿತು. ದನ ತಿರುಗಿ ಅದನ್ನು ನೆಕ್ಕತೊಡಗಿತು. "ಹೆಣ್ಗರು!" ಎಂದು ಗಿರಿಜಕ್ಕ ಕೈಮುಗಿದರು. ಅದೇ ಹೊತ್ತಿಗೆ ಮಿಕ್ಸಿಯ ಪೆಟ್ಟಿಗೆಯೊಳಗಿನಿಂದ, ಒಡೆದ ಪೀಪಿಯಂಥ ಸಣ್ಣ ದನಿಯಲ್ಲಿ, ಆದರೆ ಸ್ಪಷ್ಟವಾಗಿ ಕೇಳಿಸಿತು:

"ಟೇಬಲ್ ಸಾಫ್ ಕರ್ ರೇ!"

ನಾನು ಇನ್ನೂ ಸಗಣಿಯಲ್ಲೇ ಇದ್ದೆ. ಸೇಠ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸುಜಾತ ಅಳುತ್ತ ನಗುತ್ತ ಪೆಟ್ಟಿಗೆಯನ್ನು ಅಪ್ಪಿಕೊಂಡಳು. ಡಾಕ್ಟ್ರು "ಅಮುಕ್ಬೇಡಿ, ಅಮುಕ್ಬೇಡಿ!" ಎಂದು ಬೊಬ್ಬೆ ಹಾಕಿದರು.

ಮರುದಿನ ಬ್ರಹ್ಮಾವರಕ್ಕೆ ಒಯ್ದೆವು. ಹಕ್ಕಿಯ ಡಾಕ್ಟ್ರು ಸಾವಧಾನದವರು. ಇನ್ನು ಗೂಡಿನ ಹತ್ತಿರ ಹೊಗೆ ಬೇಡ, ಧೂಪ ಬೇಡ, ಸೊಳ್ಳೆ ಬತ್ತಿ ಬೇಡ, ಸೆಂಟು ಬೇಡ ಎಂದರು. ಕೆಲವು ದಿನ ಮನೆಯಲ್ಲೇ ಆವಿ ಕೊಡಬೇಕು ಎಂದರು. ಹಾಗೆ ಬಂದದ್ದು ನಮ್ಮ ನೆಬುಲೈಸರು. ಆವಿ ಕೊಡುವಾಗ ಸೇಠ್ ಮೊದಲೆರಡು ದಿನ ಕಚ್ಚದೆ ಕೂತಿತು. ಮೂರನೆಯ ದಿನ ನನ್ನ ಬೆರಳಿಗೆ ಕಚ್ಚಿತು. ರಕ್ತ ಬಂತು. ನಾವು ಅಂದು ಪಾಯಸ ಮಾಡಿದೆವು.

ಕರು ಹಾಕಿದ ದನದ ಹಾಲಿನಿಂದ ಗಿರಿಜಕ್ಕ ಗಿಣ್ಣು ಮಾಡಿ ಡಬ್ಬಿಯಲ್ಲಿ ಕಳಿಸಿದ್ದರು. ಗಿಣಿಗೆ ಗಿಣ್ಣು ಕೊಡಬಾರದಂತೆ, ನಾನೇ ತಿಂದೆ. ಈಗ ಮಸಾಲೆ ಹುರಿಯುವ ಕೆಲಸ ಹಿತ್ತಿಲಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ. ಗಾಳಿ ಬಂದರೆ ಬರಲಿ ಎಂದು ಸುಜಾತ ತೆಂಗಿನಗರಿಯ ತಟ್ಟಿ ಕಟ್ಟಿಕೊಂಡಿದ್ದಾಳೆ.

ಭಾವನಿಗೆ ನಾವು ಏನೂ ಹೇಳಿರಲಿಲ್ಲ. ಮರುದಿನದ ಫೋನಿಗೆ ಸೇಠ್ ತಾನೇ ಉತ್ತರ ಕೊಟ್ಟಿತು, ದನಿ ಸ್ವಲ್ಪ ಬಿದ್ದಿತ್ತು ಅಷ್ಟೆ. ಕೆಲವು ತಿಂಗಳ ಮೇಲೆ ಅವರು ಊರಿಗೆ ಬಂದರು. ಊಟವಾದ ಮೇಲೆ ಜಗಲಿಯಲ್ಲಿ ಗೂಡಿನ ಬಾಗಿಲು ತೆಗೆದು ಸೇಠ್‌ನನ್ನು ಮುಂಗೈ ಮೇಲೆ ಕೂರಿಸಿಕೊಂಡು ಶೇಂಗಾ ಒಡೆದು ಕೊಡುತ್ತಿದ್ದರು. ನನ್ನ ಕಡೆ ನೋಡದೆಯೇ ಕೇಳಿದರು.

"ಭಾವ, ಅವತ್ತ್ ಫೋನಗ್ ಕಟಿಂಗ್ ಅಂದದ್ ನೀವಲ್ದಾ?"

ನಾನು ವೀಳ್ಯದ ತಟ್ಟೆಯಲ್ಲಿ ಇಲ್ಲದ ಅಡಿಕೆ ಹುಡುಕಿದೆ. "ಗೊತ್ತಾಯ್ತಾ?"

"ಎಂತ ಭಾವ, ಇಷ್ಟ್ ವರ್ಷ ನನ್ನ್ ಒಟ್ಟಿಗ್ ಗಲ್ಲದ್ ಮೇಲ್ ಕೂಕಂಡ್ ಇದ್ದದ್ದ್. ಅದ್ರ್ ದನಿ ನಂಗ್ ಗೊತ್ತಾತಿಲ್ಯಾ?"

"ಮತ್ತೆ ಎಂತಕ್ ಕೇಳ್ಲಿಲ್ಲೆ?" ಎಂದಳು ಒಳಗಿನಿಂದ ಬಂದ ಸುಜಾತ.

"ಕೇಂಡ್ರೆ ನೀವ್ ನಿಜ ಹೇಳ್ತಿದ್ರಿ" ಎಂದರು ಭಾವ. ಇನ್ನೊಂದು ಶೇಂಗಾ ಒಡೆದರು. "ಅದ್ ಸತ್ತಿದ್ರೆ ನೀವ್ ಅಳ್ತಿದ್ರಿ, ಭಾವ. ಗಿಣಿಯಾಂಗ್ ಕೂಗ್ರಿ ಅಂದ್ರೆ ಇನ್ನೂ ಜೀವ ಇತ್ತ್ ಅಂದೇಳಿ ಅಂದ್ಕಂಡೆ. ಹಂಗೆ ಅಂದ್ಕಂಡ್ ಅಲ್ಲೇ ಕೂಕಂಡೆ. ಗಿರಾಕಿ ದುಡ್ಡ್ ಇಟ್ಟಿಕ್ ಹೋದ್ರ್, ಅದನ್ನ್ ತೆಗ್ದ್ ಗಲ್ಲಕ್ಕೆ ಹಾಕುಕೂ ಕೈ ಬರ್ಲಿಲ್ಲೆ."

ಸೇಠ್ ಶೇಂಗಾದ ಕೆಲಸದಲ್ಲಿ ಮಗ್ನವಾಗಿತ್ತು. ಭಾವ ನನ್ನ ಕಡೆ ತಿರುಗಿದರು.

"ಇನ್ನೊಂದ್ ಸಲ ಮಾಡಿ ಕಾಂಬ."

"ಎಂತ?"

"ಅದೇ. ಅವತ್ತ್ ಮಾಡದ್."

ನಾನು ಸುಜಾತಳನ್ನು ನೋಡಿದೆ. ಮೂಗು ಹಿಡಿದುಕೊಂಡೆ, ಕುತ್ತಿಗೆ ವಾಲಿಸಿದೆ, ಕೂಗಿದೆ. ಸೇಠ್ ತಿನ್ನುವುದನ್ನು ನಿಲ್ಲಿಸಿ, ಇಂಥ ಮಾಣಿಯನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು ಎನ್ನುವ ಹಾಗೆ ನನ್ನನ್ನು ನೋಡಿತು. ಭಾವ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸ್ವಲ್ಪ ಹೊತ್ತಿನಲ್ಲಿ ನಗು ನಿಂತಿತು, ನೀರು ನಿಲ್ಲಲಿಲ್ಲ. ಸುಜಾತ ಚಾಕ್ಕೆ ನೀರಿಡಲು ಒಳಗೆ ಹೋದಳು.